ದೊಡ್ಡ ಚಕ್ರದ ಆರ್ಡರ್: ಇನ್ನು ಮುಂದೆ ಅಳತೆ ಬಂದ ಮೇಲೆಯೇ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ದೊಡ್ಡ ಚಕ್ರ ಕೊಡುವ ಕ್ರಮವನ್ನು ಈ ತಿಂಗಳಿನಿಂದ ಬದಲಿಸಿದ್ದೇವೆ. ಕಾರಿನ ಹೆಸರು, ವರ್ಷ ಇಷ್ಟನ್ನೇ ಹೇಳಿದರೆ ಇನ್ನು ಸಾಲದು. ನಾಲ್ಕೂ ಮೂಲೆಗಳ ಅಳತೆ ನಮ್ಮ ಕೈಸೇರಿದ ಮೇಲೆಯೇ ಆರ್ಡರ್ ಖಾತ್ರಿಯಾಗುತ್ತದೆ. ಮೊದಲು ಮುಂದಿನದೊಂದು, ಹಿಂದಿನದೊಂದು ರಿಮ್ ಮಾತ್ರ ಬರುತ್ತದೆ. ಅವು ಸರಿಯಾಗಿ ಕೂತವು ಎಂದು ನೀವು ತಿಳಿಸಿದ ಮೇಲೆ ಉಳಿದೆರಡನ್ನು ಕಳಿಸುತ್ತೇವೆ. ಟಯರ್ ಏರಿಸುವುದು ಅದಾದ ನಂತರ. ಅಳತೆ ಪರಿಶೀಲನೆಗೂ ಹಬ್ ರಿಂಗ್ (ಚಕ್ರ ಕೂರುವ ಕಾರಿನ ಹಬ್‌ಗೂ ರಿಮ್‌ನ ನಡುತೂತಿಗೂ ನಡುವಿನ ಸಂದು ತುಂಬುವ ಬಳೆ) ಕಡೆಯುವುದಕ್ಕೂ ಪ್ರತ್ಯೇಕ ಶುಲ್ಕ ಇರುತ್ತದೆ. ಒಂದು ಪಿಸಿಡಿಯ (ಬೋಲ್ಟ್ ತೂತುಗಳು ಕೂತಿರುವ ವೃತ್ತದ ವ್ಯಾಸ) ಚಕ್ರವನ್ನು ಇನ್ನೊಂದು ಪಿಸಿಡಿಯ ಹಬ್‌ಗೆ ಹೊಂದಿಸುವ ಅಡಾಪ್ಟರುಗಳ ಮಾರಾಟವನ್ನು ಪೂರ್ತಿ ನಿಲ್ಲಿಸಿದ್ದೇವೆ.

ಇದರಿಂದ ಕಾಯುವ ದಿನಗಳು ಹೆಚ್ಚಾಗುತ್ತವೆ. ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿಕೊಂಡು ನಮ್ಮ ಪೆಟ್ಟಿಗೆಗಾಗಿ ದಾರಿ ನೋಡುತ್ತಿರುವವರಿಗೆ ಇದು ಕಿರಿಕಿರಿಯ ಸಂಗತಿ ಎಂದು ಗೊತ್ತು. ಆ ವಿಳಂಬಕ್ಕೆ ಮನಃಪೂರ್ವಕ ಕ್ಷಮೆ ಕೇಳುತ್ತೇವೆ. ಕ್ರಮವನ್ನು ಮಾತ್ರ ಸಡಿಲಿಸಲಾರೆವು.

ಮೊದಲು ದುಡ್ಡಿನ ಮಾತು, ಏಕೆಂದರೆ ಬೇಸರದ ಕಾಗದಗಳು ಬಂದಿರುವುದು ಹೆಚ್ಚಾಗಿ ಅದರ ಬಗ್ಗೆಯೇ. “ಒಂದು ಅಲ್ಯೂಮಿನಿಯಂ ಬಳೆಗೆ ಬೇರೆ ಶುಲ್ಕವೇ?” ಎಂದು ಕೇಳುತ್ತೀರಿ. ಅಂಗಡಿಯಲ್ಲಿ ಸಿಗುವ ಬಹುತೇಕ ರಿಮ್‌ಗಳ ನಡುತೂತನ್ನು ಹಲವು ಕಾರುಗಳಿಗೆ ಆಗಲೆಂದು ದೊಡ್ಡದಾಗಿಯೇ ಕೊರೆದಿರುತ್ತಾರೆ. ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರ ಹಬ್ 54.1 ಮಿ.ಮೀ. ಇರುವಾಗ ರಿಮ್‌ನ ತೂತು 67 ಮಿ.ಮೀ. ಇದ್ದರೆ, ಚಕ್ರವನ್ನು ನಡುವಿಗೆ ತಂದು ನಿಲ್ಲಿಸುವ ಕೆಲಸವೆಲ್ಲ ನಾಲ್ಕು ನಟ್‌ಗಳ ಮೇಲೆ ಬೀಳುತ್ತದೆ. ಕಾರನ್ನು ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ನಟ್ ಬಿಗಿದರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ. ವೇಗ ಏರಿದಾಗ ಸ್ಟೀರಿಂಗ್ ನಡುಗುತ್ತದೆ. ಬ್ಯಾಲೆನ್ಸ್ ಮಾಡಿಸಿದರೂ ನಿಲ್ಲುವುದಿಲ್ಲ, ಏಕೆಂದರೆ ಬ್ಯಾಲೆನ್ಸ್ ಯಂತ್ರ ಚಕ್ರವನ್ನು ಅದರ ನಡುತೂತಿನಿಂದಲೇ ಹಿಡಿಯುತ್ತದೆ, ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆಗ “ರಿಮ್ ಸೊಟ್ಟ” ಎಂಬ ದೂರು ನಮಗೆ ಬರುತ್ತದೆ. ಹಳೆಯ ಕಾರಿನ ಹಬ್ ತುಕ್ಕು ಹಿಡಿದು, ಉಜ್ಜಿಸಿಕೊಂಡು, ಬಣ್ಣ ಹಚ್ಚಿಸಿಕೊಂಡು ಪುಸ್ತಕದ ಅಳತೆಯಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ರಿಂಗನ್ನು ನಿಮ್ಮ ಹಬ್‌ನ ಅಳತೆಗೇ ಲೇತ್‌ನಲ್ಲಿ ಕಡೆಯಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗ ಹೆಚ್ಚುಕಡಿಮೆಯಾದರೆ ಒಂದೋ ಅದು ಹಬ್‌ಗೆ ಹತ್ತುವುದಿಲ್ಲ, ಇಲ್ಲವೇ ಇದ್ದೂ ಇಲ್ಲದಂತೆ.

ವಾಪಸಾತಿಯ ಖರ್ಚೂ ಹಾಗೆಯೇ. ಚಕ್ರದ ಸಾಗಣೆಗೆ ತೂಕಕ್ಕಿಂತ ಪೆಟ್ಟಿಗೆಯ ಗಾತ್ರ ನೋಡಿ ದರ ಹಾಕುತ್ತಾರೆ. ಒಮ್ಮೆ ಟಯರ್ ಏರಿಸಿ ಇಳಿಸಿದ ರಿಮ್‌ನ ಅಂಚಿನಲ್ಲಿ ಗೀರು ಬೀಳುತ್ತದೆ, ತೂಕದ ಬಿಲ್ಲೆಯ ಗೋಂದು ಉಳಿಯುತ್ತದೆ. ಅದನ್ನು ಇನ್ನೊಬ್ಬ ಗ್ರಾಹಕರಿಗೆ ಹೊಸದೆಂದು ಕೊಡಲು ನಮ್ಮ ಮನಸ್ಸು ಒಪ್ಪುವುದಿಲ್ಲ, ಕೊಟ್ಟೂ ಇಲ್ಲ. ಹೊಂದದ ಚಕ್ರಗಳ ನಷ್ಟವನ್ನು ಹೊಂದುವ ಚಕ್ರ ಕೊಂಡವರ ಬೆಲೆಯಲ್ಲಿ ಸೇರಿಸುವುದಕ್ಕಿಂತ ಅಳತೆಗೆ ಶುಲ್ಕ ಪಡೆಯುವುದೇ ನ್ಯಾಯ ಎನ್ನಿಸಿತು.

ಈಗ ಎಲ್ಲರೂ ಕೇಳುವ ಪ್ರಶ್ನೆ: “ಇದೇ ಕಾರಿಗೆ 17 ಇಂಚಿನ ಚಕ್ರ ಹಾಕಿದ ಫೋಟೊಗಳು ಬೇಕಾದಷ್ಟಿವೆ. ನೀವು ಮಾತ್ರ 15ಕ್ಕೇ ಏಕೆ ನಿಲ್ಲುತ್ತೀರಿ?”

ದೊಡ್ಡ ಚಕ್ರಕ್ಕೆ ನಾವು ವಿರೋಧಿಗಳಲ್ಲ. 14 ಇಂಚಿನಲ್ಲಿ ಒಳ್ಳೆಯ ಹಿಡಿತದ ಟಯರುಗಳ ಆಯ್ಕೆ ಕಿರಿದಾಗುತ್ತಿದೆ. ದೊಡ್ಡ ಬ್ರೇಕ್ ಡಿಸ್ಕ್ ಹಾಕಿಸಿದವರಿಗೆ ಆ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಕೂರಲು ಜಾಗ ಬೇಕೇ ಬೇಕು. ಒಂದಿಂಚು ಏರಿಸುವುದಕ್ಕೆ ಇವು ಗಟ್ಟಿ ಕಾರಣಗಳು. ಆದರೆ ಚಕ್ರದ ಒಟ್ಟು ಎತ್ತರ ಮೊದಲಿನಷ್ಟೇ ಇರಬೇಕೆಂದಾಗ ರಿಮ್ ಬೆಳೆದಷ್ಟೂ ಟಯರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ಕುಗ್ಗುತ್ತದೆ. ಅದೇ ಎಂಎಕ್ಸ್-5ರ ಲೆಕ್ಕ ನೋಡಿ. ಟಯರಿನ ಬರಹದಲ್ಲಿ ಮೊದಲನೆಯದು ಮಿ.ಮೀ. ಲೆಕ್ಕದ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಸೈಡ್‌ವಾಲ್ ಎಂಬುದು, ಕೊನೆಯದು ಇಂಚಿನಲ್ಲಿ ರಿಮ್. ಕಾರ್ಖಾನೆಯ 185/60 ಆರ್14 ಟಯರಿನ ಎತ್ತರ 578 ಮಿ.ಮೀ., ಸೈಡ್‌ವಾಲ್ 111. 195/50 ಆರ್15 ಹಾಕಿದರೆ ಎತ್ತರ 576, ಸೈಡ್‌ವಾಲ್ 97. ಸ್ಪೀಡೋಮೀಟರಿಗೆ ವ್ಯತ್ಯಾಸವೇ ತಿಳಿಯದು. 17 ಇಂಚಿಗೆ 205/40 ಹಾಕಿದರೆ ಸೈಡ್‌ವಾಲ್ 82ಕ್ಕೆ ಇಳಿಯುತ್ತದೆ, ಆದರೂ ಎತ್ತರ 596ಕ್ಕೆ ಏರುತ್ತದೆ. ಮುಳ್ಳು 100 ತೋರಿಸುವಾಗ ಕಾರು 103ರಲ್ಲಿರುತ್ತದೆ. ಗೇರುಗಳೆಲ್ಲ ಅಷ್ಟೇ ಪ್ರಮಾಣದಲ್ಲಿ ಉದ್ದವಾದಂತಾಗಿ ಪಿಕಪ್ ಸೊರಗುತ್ತದೆ. ಈ ಕಾರಿನ ಸೊಗಸು ಇರುವುದೇ ಆ ಚುರುಕಿನಲ್ಲಿ.

ಇನ್ನೊಂದು ತೊಂದರೆ ತೂಕದ ಜಾಗದ್ದು. ಎರಡು ಚಕ್ರಗಳ ತೂಕ ಒಂದೇ ಇದ್ದರೂ, ದೊಡ್ಡ ರಿಮ್‌ನಲ್ಲಿ ಲೋಹ ನಡುವಿನಿಂದ ದೂರ ಸರಿದಿರುತ್ತದೆ. ಒಂದು ಕಿಲೋ ಲೋಹ ನಡುವಿನಿಂದ ಎರಡರಷ್ಟು ದೂರ ಹೋದರೆ ಅದನ್ನು ತಿರುಗಿಸಲು, ನಿಲ್ಲಿಸಲು ನಾಲ್ಕರಷ್ಟು ಶ್ರಮ ಬೇಕು. ಆ ಕಾಲದ ಎಂಜಿನ್ನಿಗೂ ಬ್ರೇಕಿಗೂ ಇದು ನೇರವಾಗಿ ತಾಗುತ್ತದೆ. ಆಗಿನ ಶಾಕ್ ಅಬ್ಸಾರ್ಬರ್, ಬುಶ್‌ಗಳನ್ನು ಹೊಂದಿಸಿದ್ದು ಎತ್ತರದ, ಬಾಗುವ ಸೈಡ್‌ವಾಲ್ ಕೆಳಗಿದೆ ಎಂಬ ನಂಬಿಕೆಯಲ್ಲಿ. ಅದನ್ನು ತೆಗೆದರೆ ಪ್ರತಿ ಗುಂಡಿಯ ಪೆಟ್ಟೂ ರಿಮ್‌ನ ಅಂಚಿಗೆ, ಅಲ್ಲಿಂದ ಬೇರಿಂಗಿಗೆ, ಬಾಡಿಯ ಬೆಸುಗೆಗೆ ಹೋಗುತ್ತದೆ. ಬ್ರಿಟನ್ನಿನ ಹಳೆಯ ಎಂಜಿಬಿಯಂಥ ಕಾರಿನಲ್ಲಿ ಪವರ್ ಸ್ಟೀರಿಂಗ್ ಇಲ್ಲ. ಅಗಲದ ಟಯರ್ ಹಾಕಿ ಪಾರ್ಕಿಂಗ್ ಜಾಗದಲ್ಲಿ ತಿರುಗಿಸುವಾಗ ತೋಳಿಗೆ ಗೊತ್ತಾಗುತ್ತದೆ.

ಫೋಟೊದ ಕಾರು ನಿಂತಿರುತ್ತದೆ, ಸ್ಟೀರಿಂಗ್ ನೇರವಾಗಿರುತ್ತದೆ, ಪಕ್ಕದ ಸೀಟಿನಲ್ಲೋ ಡಿಕ್ಕಿಯಲ್ಲೋ ಭಾರವಿರುವುದಿಲ್ಲ. ಮಡ್‌ಗಾರ್ಡಿನ ಒಳತುಟಿಯನ್ನು ಮಡಚಿದ್ದಾರೋ ಇಲ್ಲವೋ ಕಾಣುವುದಿಲ್ಲ. ಮಡಚಿ, ಸ್ಪ್ರಿಂಗ್ ಬದಲಿಸಿ, ಲೆಕ್ಕ ಹಾಕಿ 17 ಹಾಕಿಸಿದವರಿದ್ದಾರೆ, ಅವರ ಕೆಲಸಕ್ಕೆ ಗೌರವವಿದೆ. ಕಾರನ್ನು ಹೇಗಿದೆಯೋ ಹಾಗೇ ಇಟ್ಟು ಚಕ್ರ ಮಾತ್ರ ಬದಲಿಸುವವರಿಗೆ ನಮ್ಮ ಸಲಹೆ ಒಂದಿಂಚು, ಅಳತೆ ಒಪ್ಪಿದರೆ ಎರಡು.

ಇಂಚಿಗಿಂತ ಹೆಚ್ಚು ಕಾಟ ಕೊಡುವುದು ಅಗಲ ಮತ್ತು ಆಫ್‌ಸೆಟ್, ಅಂದರೆ ರಿಮ್‌ನ ನಡುರೇಖೆಯಿಂದ ಹಬ್‌ಗೆ ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬುದು. ಲೆಕ್ಕ ಸುಲಭ. ರಿಮ್‌ನ ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿದರೆ ಹಬ್‌ನಿಂದ ಒಳಗೆ ಎಷ್ಟು, ಕಳೆದರೆ ಹೊರಗೆ ಎಷ್ಟು ಎಂದು ಸಿಗುತ್ತದೆ. 5.5 ಇಂಚು ಅಗಲ, ಆಫ್‌ಸೆಟ್ 45 ಇರುವ ಚಕ್ರ ಒಳಗೆ 115, ಹೊರಗೆ 25 ಮಿ.ಮೀ. 7 ಇಂಚು, ಆಫ್‌ಸೆಟ್ 35ರದು ಒಳಗೆ 124, ಹೊರಗೆ 54. ಅಂದರೆ ಶಾಕ್ ಕಡೆಗೆ 9, ಮಡ್‌ಗಾರ್ಡ್ ಕಡೆಗೆ 29 ಮಿ.ಮೀ. ಬೆಳೆಯಿತು. “ಕಮಾನು ತುಂಬಿ ಕಾಣಲಿ” ಎಂದು ಆಫ್‌ಸೆಟ್ 20 ಕೇಳಿದರೆ ಹೊರಗಿನ ಬೆಳವಣಿಗೆ 44ಕ್ಕೆ ಹೋಗುತ್ತದೆ. ಚಕ್ರದ ನಡುರೇಖೆ 25 ಮಿ.ಮೀ. ಹೊರಕ್ಕೆ ಸರಿದು, ಬ್ರೇಕ್ ಹಾಕಿದಾಗ, ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಬೇರಿಂಗಿನ ಆಯುಸ್ಸೂ ಕಡಿಮೆಯಾಗುತ್ತದೆ.

ಅಳತೆ ತೆಗೆಯುವುದು ಹೀಗೆ. ಕಾರು ಸಮನೆಲದಲ್ಲಿ ಸ್ವಂತ ಚಕ್ರದ ಮೇಲೆ ನಿಂತಾಗ ಹಬ್ ನಡುವಿನಿಂದ ಮಡ್‌ಗಾರ್ಡಿನ ತುಟಿಗೆ ಎತ್ತರ ಬರೆದುಕೊಳ್ಳಿ. ಕಾರನ್ನು ಸ್ಟ್ಯಾಂಡಿಗೆ ಏರಿಸಿ ಚಕ್ರ ಬಿಚ್ಚಿ, ಸಸ್ಪೆನ್ಷನ್ ತೋಳಿನ ಕೆಳಗೆ ಜಾಕಿ ಕೊಟ್ಟು ಅದೇ ಎತ್ತರಕ್ಕೆ ತನ್ನಿ. ಹಬ್ ಮುಖಕ್ಕೆ ನೇರ ಪಟ್ಟಿ ಹಿಡಿದು ಒಳಗೆ ಸ್ಪ್ರಿಂಗ್ ಅಥವಾ ಶಾಕ್‌ಗೆ, ಹೊರಗೆ ತುಟಿಗೆ ಅಳೆಯಿರಿ. ಮುಂದೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಮತ್ತೆ ಅಳೆಯಿರಿ. ಆ ತೋಳಿನ ಏರಿಕೆಯನ್ನು ತಡೆಯುವ ಬಂಪ್ ಸ್ಟಾಪ್ ಮುಟ್ಟುವವರೆಗೆ ಜಾಕಿ ಏರಿಸಿ ಇನ್ನೊಮ್ಮೆ ನೋಡಿ, ಆದರೆ ಸ್ಟ್ಯಾಂಡಿನಿಂದ ಕಾರು ಮೇಲೇಳುವಂತಾದರೆ ಅಲ್ಲಿಗೇ ನಿಲ್ಲಿಸಿ. ಎಡ ಬಲ ಎರಡನ್ನೂ ಬೇರೆ ಬೇರೆ ಬರೆಯಿರಿ. ಎಂಜಿಬಿಯಲ್ಲಿ ಹಿಂದಿನ ಎಡಗಡೆ ಜಾಗ ಕಡಿಮೆ ಇರುವುದು ಸಾಮಾನ್ಯ. ಬಲಗಡೆ ಸಲೀಸಾಗಿ ತಿರುಗಿದ ಟಯರ್ ಎಡಗಡೆ ಉಜ್ಜುತ್ತದೆ.

ನಾವು ಕಳಿಸುವ ಪ್ರಯೋಗದ ರಿಮ್ ಹಾಕುವ ಮೊದಲು ಕ್ಯಾಲಿಪರ್ ಮೇಲೆ ಜೇಡಿಮಣ್ಣಿನ ಚಿಕ್ಕ ಉಂಡೆ ಅಂಟಿಸಿ. ರಿಮ್ ಕೂರಿಸಿ ಕೈಯಿಂದ ಒಂದು ಸುತ್ತು ತಿರುಗಿಸಿ ತೆಗೆದರೆ, ಮಣ್ಣು ಎಷ್ಟು ದಪ್ಪ ಉಳಿದಿದೆಯೋ ಅದೇ ನಿಮ್ಮ ಅಂತರ. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ನಮಗೆ ತಿಳಿಸಿ. ಒಳಗಡೆ ಅಂಟಿಸುವ ಬ್ಯಾಲೆನ್ಸ್ ತೂಕಕ್ಕೂ ಅಲ್ಲಿ ಜಾಗ ಬೇಕು ಎನ್ನುವುದನ್ನು ಮರೆಯುವವರೇ ಹೆಚ್ಚು.

ಹಳೆಯ ಟಯರಿನ ಬರಹದಲ್ಲೂ ಒಂದು ಬಲೆ ಇದೆ. ಡಾಟ್ಸನ್ 240ಝಡ್‌ನ 175 ಎಚ್‌ಆರ್14ರಂಥ ಗುರುತಿನಲ್ಲಿ ಸೈಡ್‌ವಾಲ್‌ನ ಶೇಕಡಾವಾರು ಇರುವುದಿಲ್ಲ, ಅದು ಸುಮಾರು 82 ಎಂದು ತಿಳಿಯಬೇಕು. 70 ಎಂದು ಊಹಿಸಿದರೆ ಎತ್ತರ 643ರ ಬದಲು 601 ಮಿ.ಮೀ. ಎಂದು ಬರುತ್ತದೆ. ಆ ತಪ್ಪು ಸಂಖ್ಯೆ ಹಿಡಿದು ಟಯರ್ ಆರಿಸಿದರೆ ಕಾರು ಕುಳ್ಳಾಗಿ, ಎಂಜಿನ್ ಸುಮ್ಮನೆ ಹೆಚ್ಚು ಸುತ್ತುತ್ತದೆ. ಸರಿಯಾದ ಲೆಕ್ಕಕ್ಕೆ 225/50 ಆರ್16ರ 631 ಮಿ.ಮೀ. ಹತ್ತಿರ ಬರುತ್ತದೆ. ಆ ಅಗಲಕ್ಕೆ ಜಾಗವಿದೆಯೇ ಎಂದು ಮತ್ತೆ ಅಳತೆಯೇ ಹೇಳಬೇಕು.

ಅಡಾಪ್ಟರ್ ಏಕಿಲ್ಲ ಎನ್ನುವವರಿಗೆ ಚಿಕ್ಕ ಉತ್ತರ. ಹಳೆಯ ಫಿಯಟ್ 124 ಸ್ಪೈಡರ್‌ನ ಪಿಸಿಡಿ 4×98, ಅಂದರೆ 98 ಮಿ.ಮೀ. ವೃತ್ತದಲ್ಲಿ ನಾಲ್ಕು ಬೋಲ್ಟ್. 4×100ರ ರಿಮ್ ನೋಡಲು ಕೂತಂತೆಯೇ ಇರುತ್ತದೆ, ಬೋಲ್ಟೂ ಹತ್ತುತ್ತದೆ, ಆದರೆ ಬೋಲ್ಟಿನ ತಲೆ ಓರೆಯಾಗಿ ಒಂದೇ ಪಕ್ಕ ಒತ್ತುತ್ತದೆ. ಕ್ರಮೇಣ ಸಡಿಲವಾಗುತ್ತದೆ. ಅಡಾಪ್ಟರ್ ಇಟ್ಟರೆ ಬಿಚ್ಚಿಕೊಳ್ಳಬಹುದಾದ ಜೋಡಣೆ ಇನ್ನೊಂದು ಸೇರಿತು, ಚಕ್ರವೂ ಅಷ್ಟು ಹೊರಗೆ ಹೋಯಿತು. 4×98ಕ್ಕೇ ಕೊರೆದ ರಿಮ್ ತರಿಸಿಕೊಡುತ್ತೇವೆ, ದಯವಿಟ್ಟು ಕಾಯಿರಿ.

ನಟ್ ವಿಷಯ. ಹಳೆಯ ನಟ್‌ಗಳನ್ನು ಹೊಸ ರಿಮ್‌ಗೆ ಹಾಕಬೇಡಿ. ಕೋನ್ ಆಕಾರದ ಕುಳಿಗೆ ಗುಂಡು ತಲೆಯ ನಟ್ ಹಾಕಿದರೆ ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ಮುಟ್ಟುತ್ತದೆ. ಬಿಗಿಯಾಗಿದೆ ಎಂದು ಕೈಗೆ ಅನ್ನಿಸಿದರೂ ಅದು ಸುಳ್ಳು ಬಿಗಿ. ನಟ್‌ನ ಎಳೆ (ಥ್ರೆಡ್), ಅದು ಕೂರುವ ಸ್ಟಡ್‌ನ ದಪ್ಪದಷ್ಟಾದರೂ ಹಿಡಿಯಬೇಕು: 12 ಮಿ.ಮೀ. ಸ್ಟಡ್, ಸುತ್ತಿಗೆ 1.5 ಮಿ.ಮೀ. ಸಾಗುವ ಎಳೆಯಾದರೆ 8 ಪೂರ್ತಿ ಸುತ್ತು, ಎಂಜಿಬಿಯ ಅರ್ಧ ಇಂಚಿನ ಸ್ಟಡ್‌ಗೆ 10. ಅದಕ್ಕಿಂತ ಕಡಿಮೆ ಸುತ್ತಿಗೆ ನಿಂತರೆ ಕಾರು ಹೊರಡಿಸಬೇಡಿ, ಉದ್ದದ ಸ್ಟಡ್ ಬೇಕು. ಸರಿಯಾದ ನಟ್‌ಗಳನ್ನು ಇನ್ನು ಪ್ರತಿ ಸೆಟ್‌ನೊಂದಿಗೆ ನಾವೇ ಕಳಿಸುತ್ತೇವೆ, ಅದಕ್ಕೆ ಬೇರೆ ಶುಲ್ಕವಿಲ್ಲ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ, ಚಕ್ರ ತಣ್ಣಗಿರುವಾಗ, ಟಾರ್ಕ್ ಸ್ಪ್ಯಾನರಿನಿಂದ ಮತ್ತೊಮ್ಮೆ ನೋಡಲೇಬೇಕು.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ, ಅಳತೆಯ ಶುಲ್ಕವೂ ಇಲ್ಲ. ಆದರೆ ಅಳತೆಯ ಕಾಗದ ಅವರಿಂದಲೂ ಬೇಕು. ಈ ಕ್ರಮ ಒಪ್ಪಿಗೆಯಾಗದವರು ತಿಳಿಸಿದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸುತ್ತೇವೆ. ನಿಮ್ಮ ಅಳತೆಗಳನ್ನು ಓದುವವರು ಚಕ್ರ ಕಡೆಯುವವರೇ, ಮಾರಾಟದ ಮೇಜಿನವರಲ್ಲ. ಒಂದು ಸಂಖ್ಯೆ ಅನುಮಾನ ತಂದರೂ ಅವರೇ ನಿಮಗೆ ಫೋನ್ ಮಾಡಿ ಮತ್ತೊಮ್ಮೆ ಅಳೆಯಲು ಹೇಳುತ್ತಾರೆ. ಆಗ ಬೇಸರಿಸದೆ ಪಟ್ಟಿ ಹಿಡಿದು ಇನ್ನೊಮ್ಮೆ ಕಾರಿನ ಕೆಳಗೆ ಹೋಗಿ ಬನ್ನಿ.

ಇಂತಿ ನಿಮ್ಮ ವಿಶ್ವಾಸಿಗಳು,
ವರ್ಕ್‌ಶಾಪಿನ ಎಲ್ಲರ ಪರವಾಗಿ