ತಣ್ಣೀರಿಗೆ ಹೊಂದದ ಹುಡ್, ಕೈಗವಸು, ಬೂಟುಗಳ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಡೈವಿಂಗ್ ಉಡುಪು ಮಾರಾಟ ವಿಭಾಗ

ವಿಷಯ: ‘ಹೊಸಬರ ತಣ್ಣೀರಿನ ಸೆಟ್’ ಹಿಂದಿರುಗಿಸುವ ಬಗ್ಗೆ

ಮಾನ್ಯರೇ,

ಸ್ಕೂಬಾ ಡೈವಿಂಗ್ ಕಲಿಯಲು ಆಗಷ್ಟೇ ಸೇರಿದ್ದ ನನಗೆ ತಲೆ, ಕತ್ತುಗಳನ್ನು ಮುಚ್ಚುವ ಹುಡ್, ಕೈಗವಸು, ಬೂಟುಗಳನ್ನು ಆರಿಸುವುದು ತಿಳಿದಿರಲಿಲ್ಲ. ತಿಳಿದವರು ಹೇಳಿಕೊಡುತ್ತಾರೆಂದೇ ಕಳೆದ ತಿಂಗಳು ನಿಮ್ಮ ಮಳಿಗೆಗೆ ಬಂದೆ. ನಿಮ್ಮ ಸಿಬ್ಬಂದಿ ಕೇಳಿದ್ದು ನನ್ನ ಅಂಗಿಯ ಅಳತೆಯನ್ನು ಮಾತ್ರ. ಯಾವ ನೀರಿಗೆ ಇಳಿಯುತ್ತೀರಿ, ಅದು ಎಷ್ಟು ತಣ್ಣಗಿರುತ್ತದೆ ಎಂದು ಯಾರೂ ಕೇಳಲಿಲ್ಲ. ತರಬೇತಿಯ ದಿನ ನೀರು 9 ಡಿಗ್ರಿ ಸೆಲ್ಸಿಯಸ್ ಇತ್ತು. ‘ಹೊಸಬರ ತಣ್ಣೀರಿನ ಸೆಟ್’ ಎಂದು ನೀವು ಕೊಟ್ಟ ಈ ಮೂರೂ ವಸ್ತುಗಳ ದಪ್ಪ 3 ಮಿಲಿಮೀಟರ್.

ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಸಾಲದೆಂಬಂತೆ, 10 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಒತ್ತಡ ದುಪ್ಪಟ್ಟಾಗಿ, ಇವನ್ನು ಮಾಡಿರುವ ಸ್ಪಂಜಿನಂಥ ರಬ್ಬರ್ ಆದ ನಿಯೋಪ್ರೀನ್‌ನೊಳಗಿನ ಗಾಳಿಗುಳ್ಳೆಗಳು ಕುಗ್ಗುತ್ತವೆ. ಆ 3 ಮಿಲಿಮೀಟರ್ ಕೂಡ ಪೂರ್ತಿಯಾಗಿ ಉಳಿಯುವುದಿಲ್ಲ. ಇಂಥ ನೀರಿಗೆ 7 ಮಿಲಿಮೀಟರಿನ ಹುಡ್, 5 ಮಿಲಿಮೀಟರಿಗೆ ಕಡಿಮೆಯಿಲ್ಲದ ಕೈಗವಸು ಬೇಕೆಂಬುದು ಈ ವ್ಯಾಪಾರದಲ್ಲಿರುವ ನಿಮಗೆ ಗೊತ್ತಿರಲೇಬೇಕು.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಹುಡ್. ಕತ್ತಿನ ಬಳಿ ಅದು ಎಷ್ಟು ಬಿಗಿಯಾಗಿತ್ತೆಂದರೆ, ಮುಳುಗುವ ಮೊದಲೇ ತಲೆ ತಿರುಗಿ ಕಣ್ಣು ಮಂಜಾಯಿತು. ತರಬೇತುದಾರರು ಕೂಡಲೇ ಅದನ್ನು ಕಿತ್ತು ತೆಗೆದರು. ಕತ್ತಿನ ರಕ್ತನಾಳಗಳು ಒತ್ತಿದರೆ ಹೃದಯದ ಬಡಿತ ನಿಧಾನವಾಗಿ ಪ್ರಜ್ಞೆಯೇ ತಪ್ಪಬಹುದು ಎಂದು ಅವರು ವಿವರಿಸಿದಾಗ ಮೈ ನಡುಗಿತು. ಹುಡ್ಡಿಗೆ ನೋಡಬೇಕಾದದ್ದು ತಲೆಯ ಮತ್ತು ಕತ್ತಿನ ಸುತ್ತಳತೆ. ನಿಮ್ಮ ಮಳಿಗೆಯಲ್ಲಿ ಅಳತೆಪಟ್ಟಿಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ.

ಮರುದಿನ ಗೆಳತಿಯ ಹುಡ್ ತೊಟ್ಟು ಇಳಿದೆ. ಕೈಗವಸು ಬಿಗಿಯಾದಷ್ಟೂ ಬೆಚ್ಚಗೆ ಎಂದು ನಿಮ್ಮವರು ಹೇಳಿದ್ದರು. ಬೆರಳುಗಳಿಗೆ ರಕ್ತ ಸರಿಯಾಗಿ ಹರಿಯದಿದ್ದರೆ ಬೆಚ್ಚಗಾಗುವುದೆಲ್ಲಿಂದ ಬಂತು? ಹದಿನೈದು ನಿಮಿಷಗಳಲ್ಲಿ ಕೈ ಮರಗಟ್ಟಿತು. ತೇಲಲು ಗಾಳಿ ತುಂಬಿಕೊಳ್ಳುವ ಜಾಕೆಟ್‌ನಿಂದ ಗಾಳಿ ಬಿಡುವ ಗುಂಡಿಯನ್ನು ನನ್ನ ಪರವಾಗಿ ತರಬೇತುದಾರರೇ ಒತ್ತಬೇಕಾಯಿತು. ಮುಳುಗಲು ಸೊಂಟಕ್ಕೆ ಕಟ್ಟುವ ತೂಕದ ಬೆಲ್ಟನ್ನು ತುರ್ತಾಗಿ ಬಿಚ್ಚುವ ಸಂದರ್ಭ ಬಂದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ದಪ್ಪ ಕೈಗವಸಿನಲ್ಲೂ ಬೆರಳಿನ ಚುರುಕು ತಗ್ಗುತ್ತದೆ, ನಿಜ. ಆದ್ದರಿಂದಲೇ ಅದನ್ನು ತೊಟ್ಟು ಒಂದು ಬಕಲನ್ನಾದರೂ ಬಿಚ್ಚಿ ನೋಡಲು ಮಳಿಗೆಯಲ್ಲೇ ಅವಕಾಶವಿರಬೇಕಿತ್ತು.

ಬೂಟುಗಳು ಬಳಕೆಗೇ ಬರಲಿಲ್ಲ. ಸೆಟ್ ಕೊಂಡ ದಿನವೇ ನೀವು ಮಾರಿದ, ಈಜಲು ಕಾಲಿಗೆ ತೊಡುವ ರೆಕ್ಕೆಯಂಥ ಫಿನ್‌ಗಳು ಹಿಮ್ಮಡಿ ಮುಚ್ಚಿದ, ಬರಿಗಾಲಿಗೆ ತೊಡುವ ಬಗೆಯವು. ಬೂಟು ತೊಟ್ಟ ಕಾಲು ಅವುಗಳೊಳಗೆ ಹೋಗುವುದೇ ಇಲ್ಲ.

ಬಳಸಿದ ವಸ್ತುಗಳನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದು ನಿಮ್ಮ ಕಚೇರಿಯಿಂದ ಫೋನಿನಲ್ಲಿ ಉತ್ತರ ಬಂದಿದೆ. ನೀರಿಗಿಳಿಯದೆ ಈ ದೋಷ ತಿಳಿಯುವ ದಾರಿಯನ್ನೇ ನೀವು ನನಗೆ ಕೊಟ್ಟಿರಲಿಲ್ಲ. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಫಿನ್‌ಗಳೂ ಸೇರಿ ಎಲ್ಲವನ್ನೂ ಹಿಂದಕ್ಕೆ ಪಡೆದು ಪೂರ್ತಿ ಹಣ ಮರಳಿಸಬೇಕು. 3 ಮಿಲಿಮೀಟರಿನ ಈ ಸೆಟ್‌ಗೆ ಇಟ್ಟಿರುವ ‘ತಣ್ಣೀರಿನ’ ಎಂಬ ಹೆಸರನ್ನು ಕೂಡಲೇ ತೆಗೆಯಬೇಕು. ನನ್ನ ನಂತರ ಇದನ್ನು ಕೊಂಡವರು ಇಷ್ಟರಲ್ಲೇ ನೀರಿಗಿಳಿಯಲಿದ್ದಾರೆ. ಅವರಿಗೆ ಈ ವಾರವೇ ವಿಷಯ ತಿಳಿಸಿ.

ರಸೀದಿಯ ಪ್ರತಿ ಮತ್ತು ತರಬೇತುದಾರರ ಹೇಳಿಕೆಯನ್ನು ಲಗತ್ತಿಸಿದ್ದೇನೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಕಳುಹಿಸಬೇಕಾಗಿ ಕೋರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ