ರೈಲಿಗಾಗಿ ಬಸ್ಸು ಕಾಯುತ್ತದೆ ಎಂದು ಬರೆದವರು ನೀವೇ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ವಿಷಯ: ಕನೆಕ್ಷನ್ ಬಸ್ಸು ತಪ್ಪಿದ್ದು, ಲೈವ್ ಮಾಹಿತಿ ಸುಳ್ಳಾದದ್ದು, ಕೌಂಟರಿನಲ್ಲಿ ನನ್ನ ತಾಯಿಯನ್ನು ನಡೆಸಿಕೊಂಡ ರೀತಿ

ಮಾನ್ಯರೇ,

ಇದು ನಿಮಗೆ ನಾನು ಬರೆಯುತ್ತಿರುವ ಮೊದಲ ಪತ್ರ. ಆದರೆ ಮೊದಲ ದೂರು ಅಲ್ಲ. ನಾಲ್ಕು ಸಲ ಫೋನ್ ಮಾಡಿದ್ದೇನೆ. ನಾಲ್ಕು ಸಲವೂ ಮೆತ್ತಗೇ ಮಾತಾಡಿದ್ದೇನೆ. ನಾಲ್ಕು ದೂರು ಸಂಖ್ಯೆ ಸಿಕ್ಕವು. ಅದರಲ್ಲಿ ಮೂರನ್ನು 'ಪರಿಹರಿಸಲಾಗಿದೆ' ಎಂದು ಮುಚ್ಚಿದ್ದೀರಿ. ಏನು ಪರಿಹರಿಸಿದಿರಿ ಎಂದು ಇವತ್ತಿನವರೆಗೂ ಯಾರೂ ಹೇಳಿಲ್ಲ. ಕಳೆದ ಗುರುವಾರ ರಾತ್ರಿ ಆದದ್ದರ ಮೇಲೆ ಇನ್ನು ಫೋನಿನಲ್ಲಿ ಮಾತಾಡುವ ಮನಸ್ಸು ನನಗಿಲ್ಲ.

ಆದದ್ದು ಇಷ್ಟು. ನಾನು ಮತ್ತು ಅಮ್ಮ ನಿಮ್ಮದೇ ಆ್ಯಪ್‌ನಲ್ಲಿ ರೈಲು ಮತ್ತು ಬಸ್ಸು ಎರಡಕ್ಕೂ ಸೇರಿ ಒಂದೇ ಟಿಕೆಟ್ ತೆಗೆದುಕೊಂಡಿದ್ದೆವು. ರೈಲು 8:36ಕ್ಕೆ ಬರಬೇಕು. ಬಸ್ಸು 8:42ಕ್ಕೆ ಹೊರಡಬೇಕು. ಪ್ಲಾಟ್‌ಫಾರ್ಮಿನಿಂದ ಬಸ್ ಸ್ಟಾಪಿಗೆ ನಾಲ್ಕು ನಿಮಿಷ ಸಾಕು ಎಂದು ನಿಮ್ಮ ಆ್ಯಪ್ ಲೆಕ್ಕ ಹಾಕಿತ್ತು. ರೈಲು ಬಂದದ್ದು 8:39ಕ್ಕೆ. ಇಳಿದ ತಕ್ಷಣ ಫೋನ್ ನೋಡಿದೆ. 'ಲೈವ್' ಎಂಬ ಹಸಿರು ಗುರುತಿನ ಪಕ್ಕ '6 ನಿಮಿಷ' ಎಂದಿತ್ತು. ಬಸ್ಸೂ ತಡವಾಗಿದೆ, ಅವಸರ ಬೇಡ ಎಂದು ಅಮ್ಮನಿಗೆ ಹೇಳಿದೆ. ಅಮ್ಮನಿಗೆ 71 ವರ್ಷ. ಮಂಡಿಯ ಆಪರೇಷನ್ ಆಗಿದೆ, ಕೋಲು ಹಿಡಿದು ನಡೆಯುತ್ತಾರೆ. ಸ್ಟಾಪಿಗೆ ಬಂದಾಗ 8:44. ಅಲ್ಲಿನ ಬೋರ್ಡು '2 ನಿಮಿಷ' ತೋರಿಸುತ್ತಿತ್ತು. ಆಮೇಲೆ '1 ನಿಮಿಷ' ಆಯಿತು. ಆಮೇಲೆ 'ಬರುತ್ತಿದೆ' ಎಂದಿತು. ಆಮೇಲೆ ಆ ಸಾಲೇ ಮಾಯವಾಯಿತು. ಬಸ್ಸು ಬರಲಿಲ್ಲ.

ಅದು 8:42ಕ್ಕೇ ಹೊರಟು ಹೋಗಿತ್ತು. ಹೊರಟು ಹೋದ ಬಸ್ಸಿಗೆ ನಿಮ್ಮ ಬೋರ್ಡು ಇನ್ನೂ ನಾಲ್ಕು ನಿಮಿಷ ಎಣಿಕೆ ಮಾಡಿತು. ಮುಂದಿನ ಬಸ್ಸು 9:22ಕ್ಕೆ.

ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ವಿಚಾರಣೆ ಕೌಂಟರಿಗೆ ಹೋದೆ. ಅಲ್ಲಿ ನಡೆದದ್ದನ್ನು ನಾನು ಒಂದೊಂದು ಮಾತೂ ಬಿಡದೆ ಬರೆಯುತ್ತೇನೆ. ಯಾಕೆಂದರೆ ಅವತ್ತಿನಿಂದ ಅದು ನನ್ನ ತಲೆಯಿಂದ ಹೋಗಿಲ್ಲ.

ಗಾಜಿನ ಆ ಕಡೆ ಒಬ್ಬ ಯುವಕ ಇದ್ದರು. ಅವರ ಹೆಸರು ಬರೆಯುವುದಿಲ್ಲ, ತಪ್ಪು ಅವರೊಬ್ಬರದಲ್ಲ. ನಾನು ಫೋನನ್ನು ಗಾಜಿಗೆ ಹಿಡಿದು ತೋರಿಸಿದೆ. ಅವರು ನೋಡಲಿಲ್ಲ. ತಮ್ಮ ಪರದೆ ನೋಡುತ್ತಲೇ, "ಬಸ್ಸು ಆನ್ ಟೈಮ್ ಹೋಗಿದೆ ಮೇಡಂ," ಎಂದರು. ರೈಲು ತಡವಾಗಿತ್ತು ಎಂದೆ. "ರೈಲೂ ಆನ್ ಟೈಮೇ. ಮೂರು ನಿಮಿಷ ಲೇಟ್ ಅಂತ ಲೆಕ್ಕಕ್ಕೆ ಬರಲ್ಲ," ಎಂದರು. ಹಾಗಾದರೆ ನಮಗೆ ಬಸ್ಸು ಹೇಗೆ ತಪ್ಪಿತು ಎಂದು ಕೇಳಿದೆ. ಆಗ ಅವರು ತಲೆಯೆತ್ತಿದರು. ಮೈಕ್ ಆನ್ ಇತ್ತು. ಹೊರಗಿನ ಸ್ಪೀಕರಿನಲ್ಲಿ ಅವರ ಮಾತು ಇಡೀ ಸಾಲಿಗೆ ಕೇಳಿಸಿತು. "ಎಲ್ಲರೂ ನಾಲ್ಕು ನಿಮಿಷದಲ್ಲಿ ನಡೀತಾರೆ. ನಿಮಗೆ ಎಷ್ಟು ಬೇಕು?"

ಅಮ್ಮನಿಗೆ ಮಂಡಿ ನೋವು ಎಂದು ಹೇಳಿದೆ. ಅದನ್ನು ಹತ್ತು ಜನರ ಮುಂದೆ ಹೇಳಬೇಕಾಯಿತು. ಅವರು ಬೆಂಚಿನ ಕಡೆ ನೋಡಿದರು. ಸಾಲಿನಲ್ಲಿದ್ದವರೂ ತಿರುಗಿ ನೋಡಿದರು. "ವಯಸ್ಸಾದವರನ್ನ ಕರ್ಕೊಂಡು ಬರೋದಾದ್ರೆ ಹಿಂದಿನ ರೈಲಿಗೆ ಬರಬೇಕಿತ್ತು ಅಲ್ವಾ?" ಎಂದರು. ಆ್ಯಪ್ ಆರು ನಿಮಿಷ ಎಂದು ತೋರಿಸಿತ್ತು, ಸ್ಕ್ರೀನ್‌ಶಾಟ್ ಇದೆ ಎಂದೆ. ಫೋನ್ ಒಳಗೆ ಕೊಡಿ ಎಂದರು. ಗಾಜಿನ ಕೆಳಗಿನ ಕಿಂಡಿಯಲ್ಲಿ ಕೊಟ್ಟೆ. ಅದನ್ನು ಪಕ್ಕದವರಿಗೆ ತೋರಿಸಿದರು. ಇಬ್ಬರೂ ನಕ್ಕರು. ಯಾಕೆ ನಕ್ಕರೋ ನನಗೆ ಗೊತ್ತಿಲ್ಲ. ಫೋನ್ ವಾಪಸ್ ಬಂತು. "ಆ್ಯಪ್ ಸುಮ್ನೆ ಒಂದು ಅಂದಾಜು. ಷರತ್ತಿನಲ್ಲಿ ಬರೆದಿದೆ, ಓದಿಲ್ವಾ? ನೆಕ್ಸ್ಟ್," ಎಂದರು. ನಾನು ಇನ್ನೂ ಅಲ್ಲೇ ನಿಂತಿದ್ದೆ. ಹಿಂದಿನವರು ನನ್ನ ಭುಜದ ಮೇಲಿಂದ ಕೈ ಚಾಚಿ ತಮ್ಮ ಟಿಕೆಟ್ ಒಳಗೆ ತಳ್ಳಿದರು.

ಬೆಂಚಿಗೆ ವಾಪಸ್ ಬಂದಾಗ ಅಮ್ಮ ಕೇಳಿದ್ದು ಒಂದೇ ಮಾತು. "ನನ್ನಿಂದ ತಪ್ಪಿಹೋಯ್ತಾ?" ಸ್ಪೀಕರಿನ ಮಾತು ಅವರಿಗೂ ಕೇಳಿಸಿತ್ತು.

9:22ರ ಬಸ್ಸೂ ಬರಲಿಲ್ಲ. ಬೋರ್ಡಿನಲ್ಲಿ ಮಾತ್ರ ಹತ್ತು ನಿಮಿಷ, ಐದು ನಿಮಿಷ, ಒಂದು ನಿಮಿಷ ಎಂದು ಬಂದು ಹೋಯಿತು. ಸಿಬ್ಬಂದಿ ಇಲ್ಲದೆ ಆ ಟ್ರಿಪ್ ಸಂಜೆಯೇ ಕ್ಯಾನ್ಸಲ್ ಆಗಿತ್ತಂತೆ. ಇದನ್ನು ನಮಗೆ ಹೇಳಿದ್ದು 10:02ರ ಬಸ್ಸಿನ ಚಾಲಕರು. ಆ ರಾತ್ರಿ ನಿಮ್ಮ ಕಡೆಯವರಲ್ಲಿ ನಮ್ಮ ಜೊತೆ ಮನುಷ್ಯರ ಹಾಗೆ ಮಾತಾಡಿದ್ದು ಅವರೊಬ್ಬರೇ. ರೈಲು ತಡವಾದರೆ ನಿಮಗೆ ತಿಳಿಸುತ್ತಾರಾ ಎಂದು ಅವರನ್ನು ಕೇಳಿದೆ. "ನಮಗೆ ಯಾರು ಹೇಳ್ತಾರಮ್ಮ? ಟೈಮ್ ಆದ್ರೆ ಹೊರಡು ಅಂತಾರೆ. ಎರಡು ನಿಮಿಷ ನಿಂತ್ರೆ ಮೆಮೋ ಕೊಡ್ತಾರೆ," ಎಂದರು.

ಈ ಮಾತು ಕೇಳಿದ ಮೇಲೆ ನಾನು ನಿಮ್ಮ ನಿಯಮಗಳನ್ನು ಹುಡುಕಿ ಓದಿದೆ. ನನ್ನ ತಂಗಿಯ ಮಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ನೀವೇ ಸಾರ್ವಜನಿಕರಿಗೆಂದು ಇಟ್ಟಿರುವ ಟೈಮ್‌ಟೇಬಲ್ ಡೇಟಾವನ್ನು ಅವನು ತೆರೆದು ತೋರಿಸಿದ. ಅದು ಜಿಟಿಎಫ್ಎಸ್ ಮಾದರಿಯಲ್ಲಿದೆ, ಅಂದರೆ ಬಸ್ಸು-ರೈಲಿನ ವೇಳಾಪಟ್ಟಿಯನ್ನು ಆ್ಯಪ್‌ಗಳು ಓದುವ ಹಾಗೆ ಬರೆದಿಡುವ ಒಂದು ಕ್ರಮ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಸಾರಿಗೆ ಸಂಸ್ಥೆಯೂ ಗೂಗಲ್ಲೂ ಸೇರಿ ಶುರು ಮಾಡಿದ ಮಾದರಿ ಅದು, ಈಗ ಪ್ರಪಂಚದ ಎಷ್ಟೋ ಕಡೆ ಬಳಕೆಯಲ್ಲಿದೆ. ಅದರಲ್ಲಿ ಒಂದು ವಾಹನದಿಂದ ಇನ್ನೊಂದಕ್ಕೆ ಬದಲಾಯಿಸುವುದಕ್ಕೇ ಒಂದು ಫೈಲು ಇರುತ್ತದೆ. ಪ್ರತಿ ಕನೆಕ್ಷನ್ನಿಗೂ ಒಂದು ಅಂಕಿ. 2 ಎಂದರೆ ಬದಲಾಯಿಸಲು ಕನಿಷ್ಠ ಇಷ್ಟು ಸಮಯ ಬೇಕು ಎಂದು. 3 ಎಂದರೆ ಇಲ್ಲಿ ಬದಲಾಯಿಸಲು ಆಗುವುದಿಲ್ಲ ಎಂದು. 1 ಎಂದರೆ ಬರುವ ವಾಹನಕ್ಕಾಗಿ ಹೊರಡುವ ವಾಹನ ಕಾಯುತ್ತದೆ, ಪ್ರಯಾಣಿಕರು ಬದಲಾಯಿಸುವಷ್ಟು ಸಮಯ ಕೊಡುತ್ತದೆ ಎಂದು.

ನಮ್ಮ ರೈಲು ಮತ್ತು ಆ ಬಸ್ಸಿನ ಎದುರು ನೀವು ಹಾಕಿರುವುದು 1.

ಅಂದರೆ ಬಸ್ಸು ಕಾಯುತ್ತದೆ ಎಂದು ಇಡೀ ಪ್ರಪಂಚಕ್ಕೆ ಬರೆದು ಹೇಳಿದ್ದೀರಿ. ಕಾಯಬೇಕಾದ ಚಾಲಕರಿಗೆ ಮಾತ್ರ ಹೇಳಿಲ್ಲ. ಕಾದರೆ ಮೆಮೋ ಕೊಡುತ್ತೀರಿ. ಇದನ್ನು ನಾನು ಮೋಸ ಎಂದು ಕರೆಯುತ್ತೇನೆ. ಬೇರೆ ಮೆತ್ತನೆಯ ಪದ ಹುಡುಕಿದೆ, ಸಿಗಲಿಲ್ಲ.

ಲೈವ್ ಮಾಹಿತಿಯ ಕಥೆಯೂ ಹೀಗೇ ಇದೆ. ಅದೇ ಮಾದರಿಯ ರಿಯಲ್‌ಟೈಮ್ ಭಾಗಕ್ಕೆ ಪಾಲಿಸಬೇಕಾದ ಸೂಚನೆಗಳಿವೆ. ಮಾಹಿತಿ ಕನಿಷ್ಠ 30 ಸೆಕೆಂಡಿಗೊಮ್ಮೆ ಹೊಸದಾಗಬೇಕು. ವಾಹನ ಎಲ್ಲಿದೆ ಎಂಬುದು 90 ಸೆಕೆಂಡಿಗಿಂತ ಹಳೆಯದಾಗಿರಬಾರದು. ಟ್ರಿಪ್ ಕ್ಯಾನ್ಸಲ್ ಆದರೆ ಹಾಗೆಂದು ಗುರುತು ಹಾಕಲು ಜಾಗವಿದೆ. ಬಸ್ಸಿನಿಂದ ಸಿಗ್ನಲ್ ಬರದಿದ್ದರೆ 'ಮಾಹಿತಿ ಇಲ್ಲ' ಎನ್ನಲೂ ಜಾಗವಿದೆ. ನಿಮ್ಮ ಬೋರ್ಡು ಇದ್ಯಾವುದನ್ನೂ ಮಾಡುವುದಿಲ್ಲ. ಜಿಪಿಎಸ್ ಸಿಗದಿದ್ದರೆ ಹಳೆಯ ಅಂದಾಜನ್ನೇ ಎಳೆಯುತ್ತದೆ, ಇಲ್ಲವೇ ಟೈಮ್‌ಟೇಬಲ್ಲಿನ ಸಮಯವನ್ನು ಲೈವ್ ಎಂದು ತೋರಿಸುತ್ತದೆ. ಗೊತ್ತಿಲ್ಲ ಎಂದು ಬರೆದಿದ್ದರೆ ನಾನು ಅಮ್ಮನಿಗೆ ಸ್ವಲ್ಪ ಬೇಗ ಹೆಜ್ಜೆ ಹಾಕು ಎನ್ನುತ್ತಿದ್ದೆ, ಅಥವಾ ನಾನೇ ಮುಂದೆ ಓಡಿ ಬಸ್ಸು ನಿಲ್ಲಿಸುತ್ತಿದ್ದೆ. 9:22ರದ್ದು ಕ್ಯಾನ್ಸಲ್ ಎಂದು ಬರೆದಿದ್ದರೆ ಒಂಬತ್ತು ಗಂಟೆಗೇ ಬೇರೆ ದಾರಿ ನೋಡಿಕೊಳ್ಳುತ್ತಿದ್ದೆವು. ಸುಳ್ಳು ಮಾಹಿತಿ ನಮ್ಮನ್ನು ಕಟ್ಟಿ ಕೂರಿಸಿತು.

ರೈಲು ಆನ್ ಟೈಮ್, ಬಸ್ಸು ಆನ್ ಟೈಮ್ ಎಂದು ಕೌಂಟರಿನಲ್ಲಿ ಹೇಳಿದರು. ನಿಮ್ಮ ವರದಿಯಲ್ಲೂ ಆ ಸಂಜೆ ಹಾಗೇ ದಾಖಲಾಗಿರುತ್ತದೆ. ಆದರೆ ನೀವು ಎಣಿಸುತ್ತಿರುವುದು ಗಾಡಿಗಳನ್ನು. ಜನರನ್ನಲ್ಲ. 40 ನಿಮಿಷಕ್ಕೊಂದು ಬಸ್ಸು ಇರುವ ಕಡೆ ಎರಡು ನಿಮಿಷ ತಪ್ಪಿದರೆ ನಮಗೆ 40 ನಿಮಿಷ ಹೋಗುತ್ತದೆ. ಅವತ್ತು 80 ಹೋಯಿತು.

ಇದು ಆಗದ ಕೆಲಸ ಎಂದು ಹೇಳಬೇಡಿ. ಸ್ವಿಟ್ಜರ್ಲೆಂಡಿನಲ್ಲಿ 1982ರಿಂದಲೂ ಇಡೀ ದೇಶದ ರೈಲುಗಳು ಗಂಟೆಗಂಟೆಗೂ ಅದೇ ನಿಮಿಷಕ್ಕೆ ಹೊರಡುತ್ತವೆ. 2004ರಲ್ಲಿ ಹೊಸ ಹಳಿ ಹಾಕಿ ಜ್ಯೂರಿಕ್-ಬರ್ನ್ ಪ್ರಯಾಣವನ್ನು ಒಂದು ಗಂಟೆಯೊಳಗೆ ತಂದರು. ವೇಗದ ಹುಚ್ಚಿಗಲ್ಲ. ಗಂಟೆ ಹೊಡೆಯುವ ಮೊದಲು ಎಲ್ಲ ರೈಲೂ ನಿಲ್ದಾಣ ಸೇರಬೇಕು, ಜನ ಇಳಿದು ಬದಲಾಯಿಸಬೇಕು, ಆಮೇಲೆ ಎಲ್ಲವೂ ಹೊರಡಬೇಕು, ಅದಕ್ಕೆ. ಅಲ್ಲಿನ ರೈಲ್ವೆ ಮೂರು ನಿಮಿಷ ದಾಟಿದರೆ ತಡ ಎಂದೇ ಲೆಕ್ಕ ಹಾಕುತ್ತದೆ, ಕನೆಕ್ಷನ್ ಸಿಕ್ಕಿತೋ ಇಲ್ಲವೋ ಎಂದೂ ಬೇರೆಯಾಗಿ ನೋಡುತ್ತದೆ. ರೈಲು ಎಷ್ಟು ತಡ ಎಂದು ಬಸ್ಸಿನ ಕಂಟ್ರೋಲ್ ರೂಮಿಗೆ ತಾನಾಗಿ ತಲುಪಿಸಲು ಯುರೋಪಿನಲ್ಲಿ ಸಿರಿ ಎಂಬ ಮಾನದಂಡವೇ ಇದೆ, ಅದರಲ್ಲಿ ಕನೆಕ್ಷನ್ ನೋಡಿಕೊಳ್ಳುವುದಕ್ಕೆಂದೇ ಒಂದು ಭಾಗವಿದೆ. ನಿಮ್ಮ ಬಸ್ಸಿನಲ್ಲಿ ಚಾಲಕರ ಮುಂದೆ ಪರದೆ ಈಗಾಗಲೇ ಇದೆ. ನಾನು ನೋಡಿದ್ದೇನೆ. 'ರೈಲು 3 ನಿಮಿಷ ತಡ, ನಿಲ್ಲಿ' ಎಂಬ ಒಂದು ಸಾಲು ಅದರಲ್ಲಿ ಬರಲು ಏನು ಅಡ್ಡಿ?

ನನಗೆ ಟಿಕೆಟ್ ಹಣ ವಾಪಸ್ ಬೇಕು. ಅಮ್ಮನಿಗೆ ಕ್ಷಮೆ ಕೇಳುವ ಪತ್ರ ಬೇಕು, ಅವರ ಹೆಸರಿಗೇ. ಆ 1 ಎಂಬ ಅಂಕಿಯನ್ನು ನಿಜ ಮಾಡಿ, ಇಲ್ಲವೇ ತೆಗೆದುಹಾಕಿ.

ಇದಕ್ಕೆ 15 ದಿನ ಕೊಡುತ್ತೇನೆ. ಮತ್ತೊಂದು ದೂರು ಸಂಖ್ಯೆ ಕಳಿಸಬೇಡಿ. ಗುರುವಾರದಿಂದ ನಾನು ದಿನಾ ಸಂಜೆ ಆ ಸ್ಟಾಪಿನಲ್ಲಿ ನಿಂತು ಬೋರ್ಡಿನ ಫೋಟೋ ತೆಗೆಯುತ್ತಿದ್ದೇನೆ, ಪ್ರತಿ ಫೋಟೋದಲ್ಲೂ ಗಂಟೆ, ನಿಮಿಷ ಇದೆ. ನಿಮ್ಮ ಡೇಟಾ ಫೈಲಿನ ಪ್ರತಿಯನ್ನು ಇಳಿಸಿ ಇಟ್ಟುಕೊಂಡಿದ್ದೇನೆ, ಈಗ ಆ ಅಂಕಿಯನ್ನು ಸದ್ದಿಲ್ಲದೆ ಬದಲಾಯಿಸಿದರೂ ಹಳೆಯದು ನನ್ನ ಬಳಿ ಇರುತ್ತದೆ. ಅದೇ ಸ್ಟಾಪಿನಲ್ಲಿ ಬಸ್ಸು ತಪ್ಪಿಸಿಕೊಂಡ ಹನ್ನೊಂದು ಜನ ಸಹಿ ಹಾಕಿದ್ದಾರೆ. ಹದಿನಾರನೇ ದಿನ ಇದೆಲ್ಲವೂ ನಿಮಗೆ ಪರವಾನಗಿ ಕೊಟ್ಟವರ ಕೈಗೂ, ಗ್ರಾಹಕರ ನ್ಯಾಯ ಕೇಳುವವರ ಕೈಗೂ, ಪತ್ರಿಕೆಗಳಿಗೂ ಹೋಗುತ್ತದೆ. ನನ್ನ ಜೊತೆ ಅಮ್ಮನೂ ಬರುತ್ತಾರೆ. ನಿಧಾನವಾಗಿ ನಡೆಯುತ್ತಾರೆ. ಆದರೆ ಬಂದೇ ಬರುತ್ತಾರೆ.

ಇಂತಿ,
ನಿಮ್ಮ ಪ್ರಯಾಣಿಕಳು
(ನಾಲ್ಕೂ ದೂರು ಸಂಖ್ಯೆ, ಟಿಕೆಟ್ ಪ್ರತಿ, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ)