ಪಾಚಿ ವಿದ್ಯುತ್: ಲೋಹದ ಲೆಕ್ಕ ಬೇರೆ ಇಡಿ

ಮಾನ್ಯರೇ,

ಶಾಲಾ ವಿಜ್ಞಾನ ಪ್ರದರ್ಶನಗಳಲ್ಲಿ ಕೆರೆಯ ಪಾಚಿನೀರಿಗೆ ಅಲ್ಯೂಮಿನಿಯಂ ಪಟ್ಟಿ, ಇಂಗಾಲದ ಕಡ್ಡಿ ಅದ್ದಿ ‘ಪಾಚಿ ವಿದ್ಯುತ್’ ತೋರಿಸುವುದುಂಟು. ಆ ವೋಲ್ಟೇಜ್ ಬಹುಪಾಲು ಲೋಹ ಸವೆಯುವುದರಿಂದ ಬರುವಂಥದ್ದು. ಬರೀ ಉಪ್ಪುನೀರಲ್ಲೂ ಬರುತ್ತದೆ. ಎರಡೂ ಕಡೆ ಇಂಗಾಲವನ್ನೇ ಬಳಸಿ: ಒಂದು ತಳದಲ್ಲಿ ಪಾಚಿ ಕೂತಲ್ಲಿ, ಇನ್ನೊಂದು ಗಾಳಿ ತಾಗುವ ಮೇಲ್ಮೈಯಲ್ಲಿ. ನಡುವೆ 10 ಕಿಲೋಓಮ್ ರೆಸಿಸ್ಟರ್ ಜೋಡಿಸಿ, ಅದರ ತುದಿಗಳಲ್ಲಿ ಅಳೆಯಿರಿ. ಸಿಗುವುದು ಮಿಲಿವೋಲ್ಟ್‌ಗಳಷ್ಟೇ. ಪಾಚಿ ಸೋಸಿ ತೆಗೆದ ಅದೇ ನೀರಿನ ಇನ್ನೊಂದು ಜಾಡಿ ಹೋಲಿಕೆಗಾಗಿ ಪಕ್ಕದಲ್ಲಿರಲೇಬೇಕು. ಪಾಚಿಗೆ ಬೆಳಕು ಬೀಳಿಸಲು ಎಲ್‌ಇಡಿ ದೀಪ ಸಾಕು. ಬಿಸಿಯಾಗುವ ಬಲ್ಬ್ ಅಳತೆಯನ್ನೇ ಕೆಡಿಸುತ್ತದೆ.

2022ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ಸಯನೋಬ್ಯಾಕ್ಟೀರಿಯಾದಿಂದ (ನೀಲಿ-ಹಸಿರು ಪಾಚಿ) ಪುಟ್ಟ ಕಂಪ್ಯೂಟರ್ ಚಿಪ್ ಒಂದನ್ನು ಆರು ತಿಂಗಳಿಗೂ ಮಿಕ್ಕಿ ನಡೆಸಿದ್ದು ನಿಜ (ಅಲ್ಲೂ ಅಲ್ಯೂಮಿನಿಯಂ ಇತ್ತು). ಆ ಚಿಪ್‌ಗೆ ಬೇಕಿದ್ದದ್ದು 0.3 ಮೈಕ್ರೋವಾಟ್. ಬೆಳ್ಳಂದೂರು ಕೆರೆಯ ಪಾಚಿಯಿಂದ ಬೀದಿದೀಪ ಉರಿಸಬಹುದು ಎನ್ನುವವರು ಗಮನಿಸಲಿ: 9 ವಾಟ್ ಬಲ್ಬ್ ಕೇಳುವುದು ಅದರ 3 ಕೋಟಿ ಪಟ್ಟು.

– ಭೌತಶಾಸ್ತ್ರ ಶಿಕ್ಷಕರು, ಜಯನಗರ, ಬೆಂಗಳೂರು